ಹಳೆಯ ಗಣಕಯಂತ್ರವೂ ನಂಬಿಗಸ್ತನಾದ ಮನೆವಾರ್ತೆಯವನೂ



ಸವೆದ ನೇಗಿಲನ್ನು ಬಡಗಿಯ ಬಳಿಗೆ ಒಯ್ದು ಸರಿಮಾಡಿಸಬೇಕೋ, ಹೊಸದನ್ನೇ ಮಾಡಿಸಬೇಕೋ ಎಂಬ ಪ್ರಶ್ನೆಯು ನಮ್ಮ ಹಿರಿಯರಿಗೆ ಪ್ರತಿ ಮುಂಗಾರಿನಲ್ಲಿಯೂ ಎದುರಾಗುತ್ತಿತ್ತು. ಈಗ ಅದೇ ಪ್ರಶ್ನೆಯು ಬೇರೊಂದು ವೇಷವನ್ನು ಧರಿಸಿ ನಮ್ಮ ಬಾಗಲಿಗೆ ಬಂದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವದನ್ನು ನೀವು ಬಲ್ಲಿರಿ. ಈ ಸೀಮೆಯ ಎಷ್ಟೋ ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ಸಭಾಮಂದಿರಗಳ ಮಗ್ಗುಲ ಕೋಣೆಗಳಲ್ಲಿಯೂ ಮೇಜಿನ ಮೇಲೆ ಇಡುವಂಥ ಒಂದು ಹಳೆಯ ಗಣಕಯಂತ್ರವು ಬಟ್ಟೆ ಮುಚ್ಚಿಕೊಂಡು ಕೂತಿದೆ. ಅದು ಒಂದು ದಿನ ನಡೆಯುತ್ತದೆ, ಎರಡು ದಿನ ನಿಲ್ಲುತ್ತದೆ. ಅದನ್ನು ಸರಿಮಾಡಿಸೋಣವೋ, ಬಿಟ್ಟು ಹೊಸದನ್ನು ಕೊಳ್ಳೋಣವೋ ಎಂದು ಹಿರಿಯರು ಕೂಡಿ ಮಾತಾಡುತ್ತಾರೆ, ಒಮ್ಮತವಾಗದೆ ಎದ್ದುಹೋಗುತ್ತಾರೆ.

ಇಂಥ ಲೌಕಿಕ ವಿಷಯಕ್ಕೆ ಈ ಪತ್ರಿಕೆಯಲ್ಲಿ ಸ್ಥಳವುಂಟೋ ಎಂದು ಕೆಲವರು ಕೇಳಬಹುದು. ಉಂಟೆಂದೇ ನನ್ನ ಎಣಿಕೆ. ಯಾಕಂದರೆ ಆ ಯಂತ್ರವನ್ನು ಕೊಂಡ ಹಣವು ಕಾಣಿಕೆಯ ಹಣ. ಕಡಲೇಕಾಯಿ ಕೀಳುವ ಕೂಲಿಯಿಂದ ಎತ್ತಿಟ್ಟ ಹತ್ತು ರೂಪಾಯಿಯೂ, ಕುರಿ ಮಾರಿದ ದಿನ ಕೊಟ್ಟ ನೂರು ರೂಪಾಯಿಯೂ ಅದರಲ್ಲಿ ಸೇರಿವೆ. ಮನೆವಾರ್ತೆಯವನಿಗೆ ಬೇಕಾದ ಮೊದಲನೆಯ ಗುಣವು ನಂಬಿಗಸ್ತಿಕೆ ಎಂದು ಅಪೊಸ್ತಲನಾದ ಪೌಲನು ಬೋಧಿಸಿದ್ದಾನಷ್ಟೆ. ಆ ನಂಬಿಗಸ್ತಿಕೆಯು ದೊಡ್ಡ ಸಂಗತಿಗಳಲ್ಲಿ ಮಾತ್ರ ಶೋಧಿಸಲ್ಪಡುವದಿಲ್ಲ. ಒಂದು ಪೆಟ್ಟಿಗೆಯ ದೂಳಿನಲ್ಲಿಯೂ ಶೋಧಿಸಲ್ಪಡುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆನು. ಆದಕಾರಣ ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಸಭೆಯ ಗಣಕಯಂತ್ರವನ್ನು 2014ರಲ್ಲಿ ಕೊಂಡೆವು. ಅದರ ಮೇಲ್ವಿಚಾರಣೆಯು ನನ್ನದಾಗಿತ್ತು. ಕೆಲವು ವರುಷಗಳ ಹಿಂದೆ ಅದು ನಡುನಡುವೆ ತಾನೇ ಆರಿಹೋಗತೊಡಗಿತು. ಸಂಜೆ ಓದಲು ಬರುವ ಹುಡುಗರು ನನಗೆ ತಿಳಿಸಿದರು. ಒಮ್ಮೆಯಲ್ಲ, ಹಲವು ಸಾರಿ ತಿಳಿಸಿದರು. ನಾನಾದರೋ, “ಇನ್ನೂ ನಡೆಯುತ್ತದಲ್ಲಾ, ಸಭೆಯ ಹಣವನ್ನು ಯಾಕೆ ಕಳೆಯಬೇಕು?” ಎಂದು ಉತ್ತರಕೊಟ್ಟೆನು. ಎಂಟು ತಿಂಗಳು ಹೀಗೆಯೇ ಕಳೆದವು. ಹಿರಿಯರ ಕೂಟದಲ್ಲಿ ನನ್ನ ಮಿತವ್ಯಯವನ್ನು ಹೊಗಳಿದರು. ನಾನೂ ಅದನ್ನು ಸಂತೋಷದಿಂದ ಕೇಳಿಕೊಂಡೆನು.

ಆಮೇಲೆ ಒಂದು ಸಂಜೆ, ಪದವಿ ತರಗತಿಯಲ್ಲಿ ಓದುತ್ತಿದ್ದ ನಮ್ಮ ಸಭೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸಲು ಬಂದಳು. ಅದೇ ಕಡೆಯ ದಿನ. ಅರ್ಜಿಯು ಮುಕ್ಕಾಲು ಪಾಲು ಆಗಿರುವಾಗ ಯಂತ್ರವು ಆರಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಮೂರನೆಯ ಸಾರಿ ಅದು ಏಳಲೇ ಇಲ್ಲ. ಪೇಟೆಗೆ ಹೋಗುವ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಆ ವರುಷದ ವೇತನವು ಆಕೆಗೆ ದೊರೆಯಲಿಲ್ಲ. ಆ ಶುಲ್ಕವನ್ನು ತುಂಬುವದಕ್ಕಾಗಿ ಆಕೆಯ ತಾಯಿಯು ಆ ಸುಗ್ಗಿಯೆಲ್ಲಾ ಪರರ ಹೊಲದಲ್ಲಿ ಬೆನ್ನು ಬಗ್ಗಿಸಿದಳು. ಅವರಿಬ್ಬರೂ ನನ್ನನ್ನು ಒಂದು ಮಾತನ್ನಾದರೂ ಅನ್ನಲಿಲ್ಲ.

ಮರುದಿನ ಪೆಟ್ಟಿಗೆಯನ್ನು ಪೇಟೆಗೆ ಒಯ್ದೆನು. ರಿಪೇರಿಯವನು ಅದರ ಪಕ್ಕದ ತಗಡನ್ನು ಬಿಚ್ಚಿದಾಗ ಒಳಗೆ ಕಂಬಳಿಯ ಹಾಗೆ ದೂಳು ಕೂತಿತ್ತು. ಗಾಳಿ ಬೀಸುವ ಚಕ್ರವು ತಿರುಗಲಾರದೆ ಇತ್ತು. ವಿದ್ಯುತ್ತನ್ನು ಒದಗಿಸುವ ಭಾಗದಲ್ಲಿ ಕೆಪಾಸಿಟರುಗಳೆಂಬ ಸಣ್ಣ ಕೊಳವೆಗಳು ಬಿಸಿಗೆ ಉಬ್ಬಿಹೋಗಿದ್ದವು. ಒಂದು ತಾಸಿನಲ್ಲಿ ಆತನು ದೂಳನ್ನು ತೆಗೆದು ಆ ಒಂದು ಭಾಗವನ್ನು ಬದಲಾಯಿಸಿ ಯಂತ್ರವನ್ನು ನಡಿಸಿಕೊಟ್ಟನು. ಎಂಟು ತಿಂಗಳ ನನ್ನ ಮಿತವ್ಯಯದ ಬೆಲೆ ಅದೇ ಒಂದು ತಾಸು! ನಾನು ಉಳಿಸಿದ್ದು ಸಭೆಯ ಹಣವನ್ನಲ್ಲ, ನನ್ನ ತೊಂದರೆಯನ್ನು. ನನ್ನ ಸೋಮಾರಿತನಕ್ಕೆ ಮಿತವ್ಯಯವೆಂಬ ಒಳ್ಳೇ ಹೆಸರನ್ನಿಟ್ಟಿದ್ದೆನು. ಅದರ ವೆಚ್ಚವನ್ನು ಒಬ್ಬ ಬಡ ವಿಧವೆಯು ತೆತ್ತಳು.

ಯೋವಾಷ ಅರಸನ ಕಾಲದ ವೃತ್ತಾಂತವನ್ನು ನೀವು ಓದಿದ್ದೀರಿ. ದೇವಾಲಯದ ಬಿರುಕುಗಳನ್ನು ಸರಿಮಾಡಿಸುವದಕ್ಕೆಂದು ಯಾಜಕರು ಜನರಿಂದ ಹಣವನ್ನು ಪಡಕೊಳ್ಳುತ್ತಲೇ ಇದ್ದರು. ಆದರೆ ಆತನ ಆಳಿಕೆಯ 23ನೆಯ ವರುಷವಾದರೂ ಬಿರುಕುಗಳು ಬಿರುಕುಗಳಾಗಿಯೇ ಇದ್ದವು. ಆ ಯಾಜಕರು ಕಳ್ಳರೆಂದು ಅಲ್ಲಿ ಬರೆದಿಲ್ಲ. ಅವರು ಮಾಡಲಿಲ್ಲ, ಅಷ್ಟೇ. ನಾನೂ ಹಾಗೆಯೇ ಇದ್ದೆನು.

ಹೀಗಿರಲಾಗಿ, ಸರಿಮಾಡಿಸಬೇಕೋ ಬದಲಾಯಿಸಬೇಕೋ ಎಂದು ನಿರ್ಣಯಿಸುವ ಮುಂಚೆ, ರೋಗವೇನೆಂಬದನ್ನು ತಿಳಿಯತಕ್ಕದ್ದು. ಕೆಮ್ಮುವ ಎತ್ತನ್ನು ನೋಡಿದೊಡನೆ ಕಟುಕನಿಗೆ ಕೊಡುವವನು ಬೇಸಾಯಗಾರನಲ್ಲ. ಈ ಯಂತ್ರದ ರೋಗಗಳಲ್ಲಿ ಬಹಳವು ಸಣ್ಣವು. ಗಡಿಯಾರವು ದಿನದಿನವೂ ತಪ್ಪು ತಾರೀಖನ್ನು ತೋರಿಸಿದರೆ, ಒಳಗಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯು ಸತ್ತಿರುವದು ಸಾಮಾನ್ಯ ಕಾರಣ. ತಾನಾಗಿ ಆರಿಹೋದರೆ ದೂಳನ್ನೂ ಬಿಸಿಯನ್ನೂ ವಿದ್ಯುತ್ತು ಒದಗಿಸುವ ಭಾಗವನ್ನೂ ಮೊದಲು ಸಂಶಯಪಡಬೇಕು. ನಮ್ಮಂಥ ಒಣ ಸೀಮೆಯಲ್ಲಿ ದೂಳಿಗೇನು ಕೊರತೆ? ಬಹು ನಿಧಾನವಾಗಿ ಏಳುವದಾದರೆ, ತಿರುಗುವ ತಟ್ಟೆಯುಳ್ಳ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬದನ್ನು ಇಡಿಸಿದರೆ ಮುದಿಯಂತ್ರವೂ ಪ್ರಾಯದ ಯಂತ್ರದಂತೆ ಚುರುಕಾಗುವದುಂಟು. ಆದರೆ ಮದರ್‌ಬೋರ್ಡೆಂಬ ಮೂಲಫಲಕವೇ ಕೆಟ್ಟು, ಅದಕ್ಕೆ ಹೊಂದುವದು ಪೇಟೆಯಲ್ಲಿ ಸಿಕ್ಕದೆ ಇದ್ದರೆ, ಆಗ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅಂಥಲ್ಲಿ ಹಟಹಿಡಿಯಕೂಡದು.

ಇನ್ನೊಂದು ವಿಧವಾದ ಮುಪ್ಪುಂಟು. ದೇಹವು ಗಟ್ಟಿಯಾಗಿದ್ದರೂ ಯಂತ್ರವು ಅನಾಥವಾಗುತ್ತದೆ. ಬಹು ಮಂದಿ ಉಪಯೋಗಿಸುತ್ತಿದ್ದ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ಒಡೆಯರು 2025ನೆಯ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಕೇಳಿಕೊಂಡ ಗೃಹಬಳಕೆದಾರರಿಗೆ ಇನ್ನೊಂದು ವರುಷದ ರಕ್ಷಣೆಯನ್ನು ಗೊತ್ತುಮಾಡಿದರು. ಅದರ ತರುವಾಯದ ವಿಂಡೋಸ್ 11 ಎಂಬದಾದರೋ 2021ರಲ್ಲಿ ಹೊರಬಂದಾಗಲೇ ಟಿಪಿಎಂ 2.0 ಎಂಬ ಕಾವಲು ಚಿಪ್ಪನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕಡ್ಡಾಯಮಾಡಿತು. ಆದಕಾರಣ 2014ರ ನಮ್ಮ ಯಂತ್ರದಂಥವುಗಳು ಆ ಬಾಗಲಿನೊಳಗೆ ಸೇರಿಸಲ್ಪಡುವದಿಲ್ಲ. ರಕ್ಷಣೆ ಇಲ್ಲದ ವ್ಯವಸ್ಥೆಯಲ್ಲಿ ಸಭೆಯ ಬ್ಯಾಂಕಿನ ಲೆಕ್ಕವನ್ನೂ ಜನರ ಆಧಾರ್ ಸಂಖ್ಯೆಗಳನ್ನೂ ಇಡುವದು ಬೇಲಿಯಿಲ್ಲದ ತೋಟಕ್ಕೆ ಕಾವಲುಗಾರನಿಲ್ಲದಂತೆಯೇ ಸರಿ.

ಹಾಗಾದರೆ ಅದನ್ನು ಎಸೆಯಲೇಬೇಕೋ? ಅಗತ್ಯವಿಲ್ಲ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯುಂಟು. ಅದನ್ನು ಕ್ರಯಕೊಡದೆ ಪಡೆಯಬಹುದು. ಅದರ ಕೆಲವು ಬಗೆಗಳು ಹಳೆಯ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯುತ್ತವೆ. ಕನ್ನಡವನ್ನು ಬರೆಯುವ ಏರ್ಪಾಡೂ ಅದರಲ್ಲಿದೆ. ಕೇರಳದ ಸರಕಾರೀ ಶಾಲೆಗಳು, ಅವುಗಳೊಂದಿಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳು ಸಹ, ಬಹುಕಾಲದಿಂದ ಇಂಥದರಿಂದಲೇ ಮಕ್ಕಳಿಗೆ ಕಲಿಸುತ್ತಾ ಬಂದಿವೆ. ಮಕ್ಕಳಿಗೆ ಸಾಕಾದದ್ದು ನಮಗೆ ಸಾಲದೆಂದು ಹೇಳಬಹುದೋ? ಆದರೂ ಹೊಸ ವ್ಯವಸ್ಥೆಯನ್ನು ಕಲಿಯುವದಕ್ಕೆ ಕೆಲವು ದಿನ ಬೇಕು. ಕಲಿಸುವದಕ್ಕೆ ಒಬ್ಬನು ಬೇಕು. ಅದನ್ನು ಲೆಕ್ಕದಲ್ಲಿ ಬಿಡಬಾರದು.

ಯಂತ್ರದ ವಿಷಯವಾಗಿ ವಾದಿಸುವಾಗ ಅದರೊಳಗಿನ ಬರಹವನ್ನು ನಾವು ಮರೆತುಬಿಡುತ್ತೇವೆ. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಂಥ ಸ್ಥಳಗಳಲ್ಲಿ ಕನ್ನಡ ಪುಸ್ತಕಗಳು ಅಚ್ಚಾದ ಸಂಗತಿಯು ನಿಮಗೆ ಗೊತ್ತುಂಟು. ಆ ಕಾಲದ ಮುದ್ರಕರು ಸೀಸದ ಮೊಳೆಗಳು ಸವೆದುಹೋದಾಗ ಅವುಗಳನ್ನು ಕರಗಿಸಿ ಪುನಃ ಎರಕಹೊಯ್ಯುತ್ತಿದ್ದರು. ಮೊಳೆ ಕರಗಿತು, ಪುಸ್ತಕವು ಉಳಿಯಿತು. ನಮ್ಮ ದೀಕ್ಷಾಸ್ನಾನದ ದಾಖಲೆಗಳೂ ಮದುವೆಯ ಪಟ್ಟಿಗಳೂ ಸಮಾಧಿಯ ಲೆಕ್ಕವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇದ್ದು ಅದು ಕೆಟ್ಟರೆ, ಉಳಿಯುವದೇನು? ಇವುಗಳಲ್ಲಿ ಎಷ್ಟೋ ಕಡತಗಳು ಕನ್ನಡ ಗಣಕ ಪರಿಷತ್ತು ಸಿದ್ಧಮಾಡಿದ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಆ ಅಕ್ಷರಗಳು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಯೂನಿಕೋಡ್ ಎಂಬ ಸಾರ್ವತ್ರಿಕ ಕ್ರಮಕ್ಕೆ ಅವುಗಳನ್ನು ಪರಿವರ್ತಿಸುವ ಸಾಧನಗಳುಂಟು. ಆದದರಿಂದ ಸರಿಮಾಡಿಸುವದಾದರೂ ಬದಲಾಯಿಸುವದಾದರೂ ಮೊದಲನೆಯ ಕೆಲಸವು ಒಂದೇ: ಬರಹಗಳನ್ನು ಪರಿವರ್ತಿಸಿ ಎರಡು ಪ್ರತಿಗಳನ್ನು ಮಾಡಿ ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು.

ಇನ್ನು ವೆಚ್ಚದ ಮಾತು. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಲೆಕ್ಕಹಾಕುವನೆಂದು ನಮ್ಮ ಕರ್ತನು ತಿಳಿಸಿದ್ದಾನೆ. ಹೊಸ ಯಂತ್ರಕ್ಕೆ 30,000 ರೂಪಾಯಿ ಹಿಡಿದು ಅದು 6 ವರುಷ ಬಾಳುವದೆಂದು ಎಣಿಸೋಣ. ವರುಷಕ್ಕೆ 5,000 ಆಯಿತು. ಹಳೆಯದನ್ನು 4,000ಕ್ಕೆ ಸರಿಮಾಡಿಸಿ ಅದು 2 ವರುಷ ನಡೆದರೆ ವರುಷಕ್ಕೆ 2,000. ಇಲ್ಲಿ ಸರಿಮಾಡಿಸುವದೇ ಲಾಭ. ಅದೇ 4,000 ಕೊಟ್ಟು ಆರು ತಿಂಗಳಲ್ಲಿ ಪುನಃ ಕೆಟ್ಟರೆ, ವರುಷಕ್ಕೆ 8,000 ಆಗುತ್ತದೆ. ಆಗ ಹೊಸದೇ ಅಗ್ಗ. ಈ ಲೆಕ್ಕವನ್ನು ಹಾಕುವಾಗ ಹಿಂದೆ ಎಷ್ಟು ಕೊಟ್ಟೆವೆಂಬದನ್ನು ಸೇರಿಸಕೂಡದು. ಪಾವಗಡದ ಕಡೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆರುನೂರು ಅಡಿ ಕೊರೆಸಿದೆವು, ನೀರು ಬರಲಿಲ್ಲ. ಇಷ್ಟು ಹಣ ಹೋಯಿತಲ್ಲಾ, ಇನ್ನು ಇನ್ನೂರು ಅಡಿ ಕೊರೆಸೋಣ ಎಂದು ಹೇಳಿದವನ ಹೊಲವು ಕಡೆಗೆ ಯಾರ ಪಾಲಾಯಿತೆಂದು ಅವನು ಬಲ್ಲನು. ಹೋದ ಹಣವು ಕೆಳಗೆ ನೀರುಂಟೆಂಬದಕ್ಕೆ ಸಾಕ್ಷಿಯಲ್ಲ.

ಹೊಸದರ ಆಶೆಗೂ ಒಂದು ಮಾತು ಹೇಳಬೇಕು. ಪಕ್ಕದ ಊರಿನ ಸಭೆಯವರು ಹೊಸದನ್ನು ಕೊಂಡರೆಂಬದೇ ಕಾರಣವಾಗಿ ನಾವೂ ಕೊಳ್ಳುವದಾದರೆ, ಅದು ಅವಶ್ಯಕತೆಯಲ್ಲ, ಹೊಟ್ಟೇಕಿಚ್ಚು. ಮತ್ತು ಅದರ ಬೆಲೆಯನ್ನು ನಾವು ಮಾತ್ರ ತೆರುವದಿಲ್ಲ. ಪರದೆ ಸಮೇತವಾದ ಒಂದು ಮೇಜುಗಣಕವನ್ನು ತಯಾರಿಸುವದಕ್ಕೆ ಸುಮಾರು 240 ಕಿಲೋಗ್ರಾಂ ಕಲ್ಲಿದ್ದಲು ಎಣ್ಣೆ ಮುಂತಾದ ಇಂಧನವೂ, 22 ಕಿಲೋಗ್ರಾಂ ರಾಸಾಯನಿಕಗಳೂ, 1,500 ಕಿಲೋಗ್ರಾಂ ನೀರೂ ಬೇಕಾಯಿತೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದವರು 2004ರಲ್ಲಿ, ಆ ಕಾಲದ ಯಂತ್ರಗಳನ್ನು ನೋಡಿ, ಲೆಕ್ಕಹಾಕಿದರು. ಬಿಂದಿಗೆ ನೀರಿಗಾಗಿ ಸಾಲು ನಿಂತ ನಮ್ಮ ಹೆಣ್ಣುಮಕ್ಕಳು ಆ 1,500 ಕಿಲೋಗ್ರಾಂ ನೀರಿನ ಭಾರವನ್ನು ಅರಿಯಬಲ್ಲರು. 2022ರಲ್ಲಿ ಲೋಕವೆಲ್ಲಾ ಎಸೆದ ವಿದ್ಯುನ್ಮಾನ ಕಸವು 6 ಕೋಟಿ 20 ಲಕ್ಷ ಟನ್ನುಗಳೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ತಂದದ್ದಾಗಿ ದಾಖಲೆಯಾದದ್ದು ನೂರಕ್ಕೆ 22.3 ಮಾತ್ರವೆಂದೂ 2024ರ ವಿಶ್ವಸಂಸ್ಥೆಯ ವರದಿಯಿಂದ ತಿಳಿಯುತ್ತದೆ. ಮಿಕ್ಕದ್ದರಲ್ಲಿ ಬಹುಭಾಗವು ಹೊಂಡಗಳಿಗೂ ಬಡವರ ಅಂಗಳಗಳಿಗೂ ಹೋಗುತ್ತದೆ. ಅಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಸುಡುವವರು ಆ ಹೊಗೆಯನ್ನು ಕುಡಿಯುತ್ತಾರೆ. ಅವರೂ ನಮ್ಮ ನೆರೆಯವರೇ.

ಹೀಗೆ ಒಂದು ಪಕ್ಕದಲ್ಲಿ ಹೊಸದರ ಆಶೆಯೂ ಮತ್ತೊಂದು ಪಕ್ಕದಲ್ಲಿ ಮಿತವ್ಯಯವೆಂಬ ಮುಸುಕು ಹಾಕಿಕೊಂಡ ಸೋಮಾರಿತನವೂ ನಿಂತಿವೆ. ಇವೆರಡರ ನಡುವೆ ದಾರಿ ಯಾವದು? ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿರುವ ಅಂಜೂರದ ಗಿಡದ ಸಾಮ್ಯವು ನನಗೆ ಅದನ್ನು ತೋರಿಸಿತು. ಮೂರು ವರುಷ ಫಲವನ್ನು ಕಾಣದ ಯಜಮಾನನು ಗಿಡವನ್ನು ಕಡಿಯಹೇಳಿದನು. ತೋಟಗಾರನು ಇನ್ನೊಂದು ವರುಷ ಬಿಡಬೇಕೆಂದು ಬೇಡಿಕೊಂಡನು. ಇಷ್ಟನ್ನು ನಾವೆಲ್ಲರೂ ನೆನಪಿನಲ್ಲಿಟ್ಟಿದ್ದೇವೆ. ಆದರೆ ಅವನ ಬೇಡಿಕೆಯಲ್ಲಿ ಇನ್ನೆರಡು ಸಂಗತಿಗಳುಂಟು. ಸುತ್ತಲೂ ಅಗೆದು ಗೊಬ್ಬರ ಹಾಕುವವನು ತಾನೇ ಎಂದು ಅವನು ಒಪ್ಪಿಕೊಂಡನು. ಮತ್ತು ವರುಷವು ತೀರಿದ ಮೇಲೆ ಫಲವಿಲ್ಲದಿದ್ದರೆ ಕಡಿಯುವದಕ್ಕೆ ಅಡ್ಡಿ ಹೇಳಲಿಲ್ಲ. ಅವನ ತಾಳ್ಮೆಗೆ ಗುದ್ದಲಿಯೂ ಇತ್ತು, ಗಡುವೂ ಇತ್ತು.

ಈ ಸಾಮ್ಯವು ಮನುಷ್ಯರ ಮಾನಸಾಂತರದ ವಿಷಯವಾಗಿ ಹೇಳಲ್ಪಟ್ಟದ್ದೇ ಹೊರತು ಯಂತ್ರಗಳ ವಿಷಯವಾಗಿ ಅಲ್ಲವೆಂಬದನ್ನು ನಾನು ಬಲ್ಲೆನು. ಆದಾಗ್ಯೂ ಅದು ನನ್ನ ಮಾನಸಾಂತರಕ್ಕೆ ಉಪಯೋಗವಾಯಿತು. ನಾನು ಉಳಿಸೋಣವೆಂದು ಹೇಳಿದೆನು, ಗುದ್ದಲಿಯನ್ನು ಹಿಡಿಯಲಿಲ್ಲ. ಕಾಯೋಣವೆಂದು ಹೇಳಿದೆನು, ಎಲ್ಲಿಯ ವರೆಗೆಂದು ಹೇಳಲಿಲ್ಲ. ಹಳೆಯದನ್ನು ಉಳಿಸಬೇಕೆನ್ನುವವನು ಅದರ ದೂಳನ್ನು ತೆಗೆಯುವದಕ್ಕೂ ಸಿದ್ಧನಾಗಿರಬೇಕು. ಹೊಸದು ಬೇಕೆನ್ನುವವನು ಅದರ ಹಣವನ್ನು ಕೂಡಿಸುವದಕ್ಕೂ ಹಳೆಯದನ್ನು ಯೋಗ್ಯವಾಗಿ ಕಳುಹಿಸಿಕೊಡುವದಕ್ಕೂ ಸಿದ್ಧನಾಗಿರಬೇಕು. ಕೆಲಸದ ಭಾರವನ್ನು ಹೊರದೆ ಅಭಿಪ್ರಾಯವನ್ನು ಮಾತ್ರ ಕೊಡುವದು ಅಪನಂಬಿಗಸ್ತಿಕೆಯೇ. ಮತ್ತು ಎರಡರಲ್ಲಿ ಯಾವದನ್ನು ಮಾಡಿದರೂ ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಈ ಯಂತ್ರವು ನಿಂತುಹೋದ ದಿನ ಯಾರ ಕೆಲಸವು ಕೆಡುವದು? ಆ ಮನುಷ್ಯನನ್ನು ಕೂಟಕ್ಕೆ ಕರೆದು ಕೇಳಿದೆವೋ?

ನಾನು ಆ ತಾಯಿಯ ಮನೆಗೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಹೋದ ಹಣವನ್ನು ತಿಂಗಳು ತಿಂಗಳು ತೆತ್ತೆನು. ಆಕೆ ಬೇಡವೆಂದಳು; ತೆಗೆದುಕೊಳ್ಳುವಂತೆ ಬಲವಂತಮಾಡಿದೆನು. ಆದರೆ ಹಣವನ್ನು ಹಿಂದಕ್ಕೆ ಕೊಡಬಹುದು, ಬಿಸಿಲಿನಲ್ಲಿ ಬಗ್ಗಿದ ದಿನಗಳನ್ನು ಹಿಂದಕ್ಕೆ ಕೊಡಲಾದೀತೇ?

ವಿಂಡೋಸ್ 10ರ ಗಡುವು ತೀರಿದ ಬಳಿಕ ನಮ್ಮ ಹಿರಿಯರು ಪುನಃ ಕೂಡಿದರು. ಈ ಸಾರಿ ಆ ಹುಡುಗಿಯನ್ನೂ ಕರೆದರು. ಯಂತ್ರಕ್ಕೆ ಎಸ್‌ಎಸ್‌ಡಿಯನ್ನು ಇಡಿಸಿ ಲಿನಕ್ಸನ್ನು ಹಾಕಿಸಿ ಒಂದು ವರುಷ ನೋಡಬೇಕೆಂದೂ, ಆ ವರುಷದೊಳಗೆ ಮೂರು ಸಾರಿ ಕೆಟ್ಟರೆ ಚರ್ಚೆಯಿಲ್ಲದೆ ಬದಲಾಯಿಸಬೇಕೆಂದೂ, ಅದಕ್ಕಾಗಿ ಪ್ರತಿ ತಿಂಗಳು ಸ್ವಲ್ಪ ಹಣವನ್ನು ಬೇರೆ ಇಡಬೇಕೆಂದೂ ತೀರ್ಮಾನಿಸಿ, ತಾರೀಖನ್ನು ಪುಸ್ತಕದಲ್ಲಿ ಬರೆದರು. ಅರ್ಜಿಗಳನ್ನು ಕಡೆಯ ದಿನಕ್ಕೆ ಬಿಡಬಾರದೆಂಬ ನಿಯಮವನ್ನು ಆ ಹುಡುಗಿಯೇ ಬರೆಯಿಸಿದಳು. ಶನಿವಾರದ ಸಂಜೆ ದೂಳು ತೆಗೆಯುವ ಕೆಲಸವು ನನ್ನದು. ವರುಷವು ಇನ್ನೂ ತೀರಿಲ್ಲ; ತೀರ್ಪು ಏನಾಗುವದೋ ನಾನು ಹೇಳಲಾರೆನು.

ಯಂತ್ರವು ಕಡೆಗೂ ಸತ್ತರೆ ಅದಕ್ಕೆ ತಕ್ಕ ಉತ್ತರಕ್ರಿಯೆಯುಂಟು. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವದಿಲ್ಲ. ಡಿಸ್ಕಿನ ಮೇಲೆ ಬೇರೆ ಬರಹವನ್ನು ಪೂರ್ಣವಾಗಿ ತುಂಬಿಸಬೇಕು, ಇಲ್ಲವೆ ಅದನ್ನು ಒಡೆದುಹಾಕಿಸಬೇಕು. ಪೆಟ್ಟಿಗೆಯನ್ನು ಹಾದಿಯಲ್ಲಿ ಹೋಗುವ ಗುಜರಿಯವನಿಗೆ ಕೊಡಕೂಡದು. ಹಳೆಯ ಬೆಸುಗೆಯಲ್ಲಿಯೂ ಗಾಜಿನ ದಪ್ಪ ಪರದೆಯಲ್ಲಿಯೂ ಸೀಸವಿದೆ. 2023ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರಕಾರದ ನಿಯಮಗಳ ಮೇರೆಗೆ ಇಂಥ ಕಸವು ನೋಂದಾಯಿತ ಮರುಬಳಕೆದಾರರಿಗೆ ಸೇರತಕ್ಕದ್ದು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾಬಸ್‌ಪೇಟೆಯಲ್ಲಿಯೇ ಇ-ಪರಿಸರ ಎಂಬ ಕಾರ್ಖಾನೆಯನ್ನು ಈ ಕೆಲಸಕ್ಕಾಗಿ ಸ್ಥಾಪಿಸಿದರು. ನಾಲ್ಕಾರು ಸಭೆಗಳೂ ಶಾಲೆಗಳೂ ಕೂಡಿ ಒಂದೇ ಗಾಡಿಯಲ್ಲಿ ತಮ್ಮ ಹಳೆಯ ಸಾಮಾನುಗಳನ್ನು ಇಂಥಲ್ಲಿಗೆ ಕಳುಹಿಸಿದರೆ ಬಾಡಿಗೆಯೂ ಹಗುರವಾಗುವದು.

ಪ್ರಿಯರೇ, ನಿಮ್ಮ ಸಭೆಯಲ್ಲಿಯೂ ಬಟ್ಟೆ ಮುಚ್ಚಿದ ಅಂಥ ಒಂದು ಪೆಟ್ಟಿಗೆ ಇದ್ದರೆ, ಬರುವ ಕೂಟದ ತನಕ ಕಾಯಬೇಡಿರಿ. ಈ ವಾರವೇ ಆ ಬಟ್ಟೆಯನ್ನು ತೆಗೆಯಿರಿ. ಅದರ ಎದುರಿಗೆ ಕೂತುಕೊಳ್ಳುವವರು ಯಾರೆಂದು ವಿಚಾರಿಸಿರಿ. ಆಮೇಲೆ ಸರಿಮಾಡಿಸಿರಿ, ಇಲ್ಲವೆ ಬದಲಾಯಿಸಿರಿ. ಯಾವದಾದರೂ ಪುಸ್ತಕದಲ್ಲಿ ಒಂದು ತಾರೀಖೂ ಅದರ ಮುಂದೆ ಒಬ್ಬನ ಹೆಸರೂ ಇರಲಿ. ಅಲ್ಪವಾದದ್ದರಲ್ಲಿ ನಂಬಿಗಸ್ತರಾಗಿರುವಂತೆ ಕರ್ತನು ನಮ್ಮೆಲ್ಲರಿಗೂ ಕೃಪೆಮಾಡಲಿ. ಆಮೆನ್.